ಸ್ಪರ್ಸ್ ಬಿಟ್ಟುಕೊಟ್ಟ ಜಾಗ

2007ರ ಜೂನ್ 7ರಂದು ಎನ್‌ಬಿಎ ಫೈನಲ್ ಸರಣಿ ಶುರುವಾದಾಗ ಲೆಬ್ರಾನ್ ಜೇಮ್ಸ್‌ಗೆ ಇಪ್ಪತ್ತೆರಡು ವರ್ಷ. ಅದಕ್ಕೆ ಸರಿಯಾಗಿ ಒಂದು ವಾರ ಮುಂಚೆ ಡೆಟ್ರಾಯಿಟ್ ಪಿಸ್ಟನ್ಸ್ ವಿರುದ್ಧ ಆತ 48 ಅಂಕ ಹೊಡೆದಿದ್ದ. ಅದೂ ಹೇಗೆ! ಎರಡು ಓವರ್‌ಟೈಮ್ ಕಂಡ ಆ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ತಂಡದ ಕೊನೆಯ 25 ಅಂಕಗಳೂ ಅವನೊಬ್ಬನವೇ. ಉಳಿದ ನಾಲ್ವರು ಅಂಕಣದಲ್ಲಿದ್ದಾರೆ ಎಂಬುದೇ ನೋಡುವವರಿಗೆ ಮರೆತುಹೋಗಿತ್ತು. ಬಿಗಿಯಾದ ಡಿಫೆನ್ಸ್‌ಗೆ ಹೆಸರಾದ ತಂಡವನ್ನೇ ಹೀಗೆ ಸೀಳಿಕೊಂಡು ಬಂದ ಹುಡುಗನನ್ನು ಸ್ಯಾನ್ ಆಂಟೋನಿಯೊ ಸ್ಪರ್ಸ್ ಹೇಗೆ ತಡೆಯುತ್ತದೆ ಎಂಬ ಕುತೂಹಲ ಎಲ್ಲರಿಗೂ ಇತ್ತು.

ತಡೆದ ರೀತಿ ಮಾತ್ರ ವಿಚಿತ್ರವಾಗಿತ್ತು. ಸ್ಪರ್ಸ್‌ನವರು ಅವನ ಮೈಮೇಲೆ ಬೀಳಲಿಲ್ಲ, ದೂರ ನಿಂತರು. ಚೆಂಡು ಕುಟ್ಟುತ್ತಾ ಲೆಬ್ರಾನ್ ಬಂದರೆ ಬ್ರೂಸ್ ಬೋವೆನ್ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದ. ಜೊತೆಗಾರನೊಬ್ಬ ಬಂದು ಸ್ಕ್ರೀನ್ ಹಾಕಿದರೆ, ಅಂದರೆ ಡಿಫೆಂಡರ್‌ನ ದಾರಿಗೆ ಅಡ್ಡಲಾಗಿ ಅಲುಗದೆ ನಿಂತರೆ, ಆ ಸ್ಕ್ರೀನಿನ ಮುಂಭಾಗದಿಂದ ನುಸುಳಿ ಲೆಬ್ರಾನ್‌ಗೆ ಅಂಟಿಕೊಳ್ಳುವ ಗೋಜಿಗೇ ಹೋಗುತ್ತಿರಲಿಲ್ಲ. ಹಿಂಬದಿಯಿಂದ ಸುತ್ತಿ, ರಿಂಗಿಗೆ ಹೋಗುವ ದಾರಿಯಲ್ಲಿ ಮೊದಲೇ ಹೋಗಿ ಕಾಯುತ್ತಿದ್ದ. ಅವನ ಬೆನ್ನ ಹಿಂದೆ ನೀಳ ತೋಳುಗಳ ಟಿಮ್ ಡಂಕನ್. ರಿಂಗಿನಿಂದ ಹದಿನೆಂಟು ಇಪ್ಪತ್ತು ಅಡಿ ದೂರದಲ್ಲಿ ಲೆಬ್ರಾನ್‌ಗೆಂದೇ ಒಂದು ಬಯಲು ತೆರೆದುಕೊಳ್ಳುತ್ತಿತ್ತು. ಅಲ್ಲಿಂದ ಎಸೆಯುವುದಾದರೆ ಎಸೆದುಕೋ, ಬೇಡ ಅನ್ನುವವರು ಯಾರೂ ಇಲ್ಲ.

ಈ ಔದಾರ್ಯದ ಹಿಂದೆ ಒಂದು ಸರಳ ಲೆಕ್ಕವಿದೆ. ರಿಂಗಿನ ಬುಡದಿಂದ ನೂರು ಸಲ ಎಸೆದು ಎಪ್ಪತ್ತು ಬಿದ್ದರೆ 140 ಅಂಕ. ಇಪ್ಪತ್ತು ಅಡಿ ದೂರದಿಂದ ನೂರು ಸಲ ಎಸೆದು ನಲವತ್ತು ಬಿದ್ದರೆ 80. ಎರಡೂ ಕಡೆ ಒಂದು ಬುಟ್ಟಿಗೆ ಎರಡೇ ಅಂಕ. ಮೂರಂಕದ ಗೆರೆ ಇರುವುದು ಇನ್ನೂ ಆಚೆ, ಎನ್‌ಬಿಎಯಲ್ಲಿ 23 ಅಡಿ 9 ಇಂಚು ದೂರದಲ್ಲಿ. ಹಾಗಾಗಿ ಆ ನಡುವಿನ ಬಯಲಿನಿಂದ ಎಸೆಯುವವನು ಎದುರಾಳಿಗೆ ಉಪಕಾರವನ್ನೇ ಮಾಡುತ್ತಾನೆ, ಅವನು ಆ ದೂರದಲ್ಲಿ ಪಳಗಿದವನಲ್ಲದಿದ್ದರೆ. ಲೆಬ್ರಾನ್ ಆಗ ಪಳಗಿರಲಿಲ್ಲ.

ಇನ್ನೂ ಒಂದು ಕಾರಣವಿತ್ತು. ಆರಡಿ ಎಂಟಿಂಚು ಎತ್ತರದ, ನೂರು ಕಿಲೋ ಮೀರಿದ ಮನುಷ್ಯ ಅಷ್ಟು ವೇಗದಲ್ಲಿ ಓಡುವುದನ್ನು ಬ್ಯಾಸ್ಕೆಟ್‌ಬಾಲ್ ಅದುವರೆಗೆ ಹೆಚ್ಚು ಕಂಡಿರಲಿಲ್ಲ. ಆದರೆ ಆ ವೇಗ ಕೆಲಸಕ್ಕೆ ಬರಬೇಕಾದರೆ ದಾಟಿಹೋಗಲು ಒಬ್ಬ ಹತ್ತಿರದಲ್ಲಿರಬೇಕು. ಒಂದು ತೋಳಿನ ಅಂತರದಲ್ಲಿ ನಿಂತವನನ್ನು ಮೊದಲ ಹೆಜ್ಜೆಯಲ್ಲೇ ಹಿಂದೆ ಹಾಕಬಹುದು. ಆರಡಿ ದೂರ ನಿಂತವನಿಗೆ ಆ ಮೊದಲ ಹೆಜ್ಜೆ ಕಾಣುತ್ತದೆ, ಎತ್ತ ಹೊರಟಿತು ಎಂದು ತಿಳಿಯುತ್ತದೆ, ಅಡ್ಡ ಬರಲು ಸಮಯವೂ ಸಿಗುತ್ತದೆ. ಅಂತರ ಬಿಟ್ಟು ನಿಂತೇ ಸ್ಪರ್ಸ್ ಅವನ ದೇಹವನ್ನು ಅರ್ಧ ಸೋಲಿಸಿತು.

ಮೊದಲ ಪಂದ್ಯದಲ್ಲಿ ಲೆಬ್ರಾನ್ ಎಸೆದದ್ದು ಹದಿನಾರು, ಬಿದ್ದದ್ದು ನಾಲ್ಕು. ಸರಣಿಯ ಸರಾಸರಿ 22 ಅಂಕ, ಬುಟ್ಟಿಗೆ ಬಿದ್ದ ಎಸೆತ ಶೇ 35.6. ಸ್ಪರ್ಸ್ 4–0ಯಿಂದ ಕಪ್ ಎತ್ತಿತು. ಸ್ಪರ್ಸ್ ಕೋಚ್ ಗ್ರೆಗ್ ಪೊಪೊವಿಚ್ ಅವರಿಗೆ ಅದು ನಾಲ್ಕನೇ ಕಪ್. ಸೋತ ಹುಡುಗನನ್ನು ಮೊಗಸಾಲೆಯಲ್ಲಿ ತಬ್ಬಿಕೊಂಡ ಡಂಕನ್, ಇನ್ನು ಸ್ವಲ್ಪ ದಿನದಲ್ಲೇ ಈ ಲೀಗ್ ನಿನ್ನದಾಗುತ್ತದೆ, ಈ ವರ್ಷ ಮಾತ್ರ ನಮಗೆ ಬಿಟ್ಟುಕೊಟ್ಟದ್ದಕ್ಕೆ ಥ್ಯಾಂಕ್ಸ್ ಎಂಬರ್ಥದ ಮಾತು ಹೇಳಿದ್ದು ಕ್ಯಾಮೆರಾದಲ್ಲಿ ಉಳಿದಿದೆ.

ಆಟಗಾರನೊಬ್ಬ ಎಷ್ಟು ಬೆಳೆದ ಎಂದು ತಿಳಿಯಬೇಕಾದರೆ ಅವನನ್ನು ನೋಡುವುದಕ್ಕಿಂತ ಅವನನ್ನು ಕಾಯುವವರ ಪಾದ ನೋಡುವುದು ವಾಸಿ. ಎಲ್ಲಿ ನಿಲ್ಲುತ್ತಾರೆ, ಯಾವ ಜಾಗ ಬಿಡುತ್ತಾರೆ, ಯಾವುದನ್ನು ಪ್ರಾಣ ಹೋದರೂ ಬಿಡುವುದಿಲ್ಲ? ಫೋನಿನಲ್ಲಿ ಹರಿದು ಬರುವ ಡಂಕ್‌ಗಳ ತುಣುಕು ನೋಡಿ ಲೆಬ್ರಾನ್‌ನನ್ನು ಅರಿತವರಿಗೆ ಹತ್ತೊಂಬತ್ತರ ಹುಡುಗನೂ ಮೂವತ್ತೊಂಬತ್ತರ ಗಂಡಸೂ ಒಂದೇ ಥರ ಕಂಡಾರು. ಡಿಫೆಂಡರ್‌ನ ಪಾದ ಅಂಥ ಮೋಸ ಮಾಡುವುದಿಲ್ಲ.

ಹುಟ್ಟಿನಿಂದ ಬಂದದ್ದೇನು ಎಂಬುದನ್ನೂ ಹೇಳಬೇಕು. ಲೆಬ್ರಾನ್‌ನದು ಓಹಾಯೊ ರಾಜ್ಯದ ಆಕ್ರನ್ ಎಂಬ ಊರು. ಟಯರ್ ಕಾರ್ಖಾನೆಗಳಿಗೆ ಹೆಸರಾಗಿದ್ದ ಊರು. ಅಲ್ಲಿನ ಸೇಂಟ್ ವಿನ್ಸೆಂಟ್–ಸೇಂಟ್ ಮೇರಿ ಹೈಸ್ಕೂಲಿನಲ್ಲಿ ಮೊದಲ ಎರಡು ವರ್ಷ ಅವನನ್ನು ತಿದ್ದಿದ ಕೀತ್ ಡ್ಯಾಂಬ್ರಾಟ್ ಅವರು ಅದಕ್ಕೆ ಮುಂಚೆ ಕಾಲೇಜು ತಂಡದ ಕೋಚ್ ಆಗಿದ್ದವರು. ಹೀಗಾಗಿ ಹದಿನೈದರ ಹುಡುಗನಿಗೆ ಕಾಲೇಜು ಮಟ್ಟದ ಪಾಠ ಸಿಕ್ಕಿತು. 2002ರ ಫೆಬ್ರವರಿಯಲ್ಲಿ, ಇನ್ನೂ ಶಾಲೆಯಲ್ಲಿರುವಾಗಲೇ, ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆಯ ಮುಖಪುಟಕ್ಕೆ ಬಂದ. 2003ರಲ್ಲಿ ಕಾಲೇಜಿನ ಮೆಟ್ಟಿಲು ಹತ್ತದೆ ನೇರವಾಗಿ ಎನ್‌ಬಿಎಗೆ ಕಾಲಿಟ್ಟ. ಮೊದಲ ಪಂದ್ಯದಲ್ಲಿ 25 ಅಂಕದ ಜೊತೆಗೆ ಒಂಬತ್ತು ಅಸಿಸ್ಟ್, ಅಂದರೆ ಅಂಕವಾಗಿ ಮುಗಿದ ಪಾಸ್‌ಗಳು. ಈ ಒಂಬತ್ತನ್ನು ನೆನಪಿಟ್ಟುಕೊಳ್ಳಬೇಕು. ಅವನು ಎಸೆಯುವುದನ್ನು ಕಲಿಯಬೇಕಾಗಿತ್ತು. ಪಾಸ್ ಕೊಡುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಎಡಗೈಯಲ್ಲಿ ಬರೆದು ಬಲಗೈಯಲ್ಲಿ ಆಡುವವನು, ಪಾಸನ್ನು ಎರಡೂ ಕೈಯಿಂದ ಅಳುಕಿಲ್ಲದೆ ಬಿಡುತ್ತಿದ್ದ. ಆ ಮೊದಲ ಸೀಸನ್ನಿನಲ್ಲಿ ಮೂರಂಕದ ಎಸೆತ ನೂರಕ್ಕೆ 29ರಷ್ಟೇ ಬಿದ್ದವು.

ಗೆಲ್ಲುತ್ತಿರುವವನಿಗೆ ತನ್ನ ಕೊರತೆ ಕಾಣುವುದು ಕಷ್ಟ. 2009 ಮತ್ತು 2010ರಲ್ಲಿ ಎರಡು ಸಲ ಬೆನ್ನುಬೆನ್ನಿಗೆ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಂತು. ವರ್ಷಕ್ಕೆ 82 ಪಂದ್ಯವಿರುವ ಲೀಗ್ ಅದು. ಇವತ್ತು ಒಂದು ಊರು, ನಾಳೆ ಇನ್ನೊಂದು. ಒಬ್ಬನಿಗೆಂದೇ ಬಲೆ ಹೆಣೆಯುವ ಪುರುಸೊತ್ತು ಯಾವ ಕೋಚ್‌ಗೂ ಇರುವುದಿಲ್ಲ. ಪ್ಲೇಆಫ್‌ನಲ್ಲಿ ಒಂದೇ ತಂಡದ ಎದುರು ಏಳು ಪಂದ್ಯದವರೆಗೂ ಆಡಬೇಕಾಗಿ ಬಂದಾಗ ಬಲೆ ಬೀಳುತ್ತದೆ. ಕ್ಲೀವ್‌ಲ್ಯಾಂಡ್ ಪ್ರತಿ ವರ್ಷವೂ ಅಲ್ಲೇ ಎಡವಿತು. 2010ರ ಜುಲೈಯಲ್ಲಿ ಆತ ತವರಿನ ತಂಡ ಬಿಟ್ಟು ಮಯಾಮಿ ಹೀಟ್ ಸೇರಿದ. ಅದನ್ನು ಟಿವಿಯಲ್ಲಿ ಒಂದು ಕಾರ್ಯಕ್ರಮ ಮಾಡಿ ಘೋಷಿಸಿದ್ದರಿಂದ ಅರ್ಧ ಅಮೆರಿಕ ಅವನ ಮೇಲೆ ಮುನಿಸಿಕೊಂಡಿತು. ಆ ಮುನಿಸಿನ ಕತೆ ಈಗಾಗಲೇ ಬೇಕಾದಷ್ಟು ಬಂದಿದೆ, ಇಲ್ಲಿ ಬೇಡ.

ಇಲ್ಲಿ ಬೇಕಾದದ್ದು 2011ರ ಜೂನ್. ಫೈನಲ್‌ನಲ್ಲಿ ಎದುರಾಳಿ ಡಲ್ಲಾಸ್ ಮ್ಯಾವರಿಕ್ಸ್. ಅವರು ಸ್ಪರ್ಸ್‌ನ ಪಾಠವನ್ನು ಇನ್ನೊಂದು ರೀತಿ ಓದಿಕೊಂಡಿದ್ದರು. ಒಬ್ಬೊಬ್ಬನಿಗೆ ಒಬ್ಬೊಬ್ಬ ಅಂಟಿಕೊಳ್ಳುವ ಬದಲು ಆಗಾಗ ಜಾಗ ಹಂಚಿಕೊಂಡು ಕಾಯುವ ಜೋನ್ ಡಿಫೆನ್ಸ್‌ಗೆ ತಿರುಗುತ್ತಿದ್ದರು. ರಿಂಗಿನ ಕೆಳಗೆ ಏಳಡಿ ಎತ್ತರದ ಟೈಸನ್ ಚಾಂಡ್ಲರ್ ಇದ್ದ. ಲೆಬ್ರಾನ್ ಮೂರಂಕದ ಗೆರೆಯ ಬಳಿ ಚೆಂಡು ಹಿಡಿದು ನಿಂತುಬಿಡುತ್ತಿದ್ದ, ಏನು ಮಾಡಲಿ ಎಂಬಂತೆ. ನಾಲ್ಕನೇ ಪಂದ್ಯದಲ್ಲಿ ಎಂಟೇ ಅಂಕ. ಸರಣಿಯ ಸರಾಸರಿ 17.8. ಇದಕ್ಕಿಂತ ಮುಜುಗರದ ನೋಟವೆಂದರೆ, ಆರಡಿಯೂ ಇಲ್ಲದ ಹೋಸೆ ಹ್ವಾನ್ ಬರೇಯ ಕೆಲವೊಮ್ಮೆ ಅವನನ್ನು ಕಾಯಲು ನಿಂತದ್ದು. ತನಗಿಂತ ಒಂದು ಗೇಣು ಕುಳ್ಳಗಿರುವವನು ಎದುರಿಗಿದ್ದರೆ ರಿಂಗಿನ ಬಳಿಗೆ ಹೋಗಿ, ಬೆನ್ನು ಕೊಟ್ಟು ನಿಂತು, ಅವನ ತಲೆಯ ಮೇಲಿಂದ ಎಸೆಯಬೇಕು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದಕ್ಕಿಂತ ಹಳೆಯ ಪಾಠವಿಲ್ಲ. ಲೀಗಿನ ಅತ್ಯುತ್ತಮ ಆಟಗಾರನಿಗೆ ಅದು ಒಗ್ಗಿರಲಿಲ್ಲ! ಮಯಾಮಿ 4–2ರಲ್ಲಿ ಸೋತಿತು.

ಎದುರಾಳಿ ಬಿಟ್ಟುಕೊಟ್ಟ ಜಾಗಕ್ಕೆ ಎರಡು ಉತ್ತರ ಸಾಧ್ಯ. ನಮ್ಮ ಓದುಗರಿಗೆ ಇದು ಕ್ರಿಕೆಟ್‌ನಿಂದ ಚೆನ್ನಾಗಿ ಗೊತ್ತು. ಆಫ್ ಸ್ಟಂಪಿನ ಹೊರಗೆ ಚೆಂಡು ಹಾಕಿಸಿ, ಕವರ್ ಡ್ರೈವ್‌ಗೆ ಆಸೆ ಹುಟ್ಟಿಸಿ, ಸ್ಲಿಪ್‌ನಲ್ಲಿ ಕೈ ಉಜ್ಜುತ್ತಾ ಕಾಯುವ ನಾಯಕನಿಗೆ ಸಚಿನ್ ತೆಂಡೂಲ್ಕರ್ 2004ರ ಜನವರಿಯಲ್ಲಿ ಸಿಡ್ನಿಯಲ್ಲಿ ಕೊಟ್ಟ ಉತ್ತರ ಮೊದಲನೆಯದು: ಆ ಹೊಡೆತವನ್ನೇ ಕಪಾಟಿನಲ್ಲಿಟ್ಟು ಬೀಗ ಹಾಕಿ 241 ಬಾರಿಸಿ ಔಟಾಗದೆ ಉಳಿದರು. ಎರಡನೆಯ ಉತ್ತರ, ಆ ಜಾಗ ಬಿಟ್ಟದ್ದೇ ತಪ್ಪಾಯಿತು ಎನ್ನಿಸುವ ಹಾಗೆ ಅಲ್ಲಿಂದಲೇ ಹೊಡೆಯುವುದು. ಲೆಬ್ರಾನ್ ಎರಡನ್ನೂ ಕೊಟ್ಟ, ಒಂದಾದ ಮೇಲೊಂದರಂತೆ. ಸರದಿಯೂ ಸರಿಯಾಗಿತ್ತು. ಮೊದಲು ಬಿಡುವುದನ್ನು ಕಲಿತವನಿಗೆ ಆಮೇಲೆ ಯಾವಾಗ ಹೊಡೆಯಬೇಕು ಎಂಬುದು ಗೊತ್ತಿರುತ್ತದೆ.

ಡಲ್ಲಾಸ್ ಸೋಲಿನ ಬೇಸಿಗೆಯಲ್ಲಿ ಆತ ಹ್ಯೂಸ್ಟನ್‌ಗೆ ಹೋಗಿ ಹಕೀಮ್ ಒಲಾಜುವನ್ ಅವರ ಮುಂದೆ ಶಿಷ್ಯನಾಗಿ ನಿಂತ. ಒಲಾಜುವನ್ ನೈಜೀರಿಯಾದ ಲಾಗೋಸ್‌ನವರು. ಹುಡುಗನಾಗಿದ್ದಾಗ ಹ್ಯಾಂಡ್‌ಬಾಲ್, ಫುಟ್‌ಬಾಲ್ ಆಡಿಕೊಂಡಿದ್ದು ಹದಿಹರೆಯದಲ್ಲಿ ತಡವಾಗಿ ಬ್ಯಾಸ್ಕೆಟ್‌ಬಾಲ್ ಹಿಡಿದು, 1994 ಮತ್ತು 1995ರಲ್ಲಿ ಹ್ಯೂಸ್ಟನ್ ರಾಕೆಟ್ಸ್‌ಗೆ ಕಪ್ ತಂದವರು. ರಿಂಗಿನ ಬಳಿ ಬೆನ್ನು ಕೊಟ್ಟು ಆಡುವ ಪೋಸ್ಟ್ ಆಟದಲ್ಲಿ ಅವರ ಪಾದಗಳಿಗೆ ಸಾಟಿಯಿಲ್ಲ ಎಂಬ ಮಾತಿದೆ. ಕೋಬಿ ಬ್ರಯಂಟ್ ಕೂಡ ಐದನೇ ಕಪ್‌ಗೆ ಮುಂಚೆ ಅವರ ಬಳಿ ಕಲಿತು ಹೋಗಿದ್ದ.

ಈ ಪೋಸ್ಟ್ ಆಟವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ದೂರದಿಂದ ಅದು ಬರೀ ತಳ್ಳಾಟದಂತೆ ಕಾಣುತ್ತದೆ. ಆಟಗಾರ ರಿಂಗಿಗೆ ಬೆನ್ನು ಹಾಕಿ ನಿಂತು ಚೆಂಡು ಪಡೆಯುತ್ತಾನೆ. ಡಿಫೆಂಡರ್‌ನ ಭಾರ ಬೆನ್ನಿಗೆ ತಾಗಿರುತ್ತದೆ, ಮುಂಗೈ ಸೊಂಟದ ಮೇಲಿರುತ್ತದೆ. ಆ ಭಾರ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನು ಬೆನ್ನಿನಿಂದಲೇ ಓದಬೇಕು. ಎಡಭುಜ ಒಂದಿಷ್ಟು ತಗ್ಗಿಸಿದರೆ ಹಿಂದಿನವನು ಎಡಕ್ಕೆ ವಾಲುತ್ತಾನೆ. ಅಷ್ಟರಲ್ಲಿ ಊರಿದ ಪಾದದ ಮೇಲೆ ಗಿರಕ್ಕನೆ ತಿರುಗಿ ಬಲಕ್ಕೆ ಹೊರಟರೆ ರಿಂಗು ಎದುರಿಗಿದೆ. ಹಿಂದಿನವನು ಮೋಸ ಹೋಗದೆ ನಿಂತಲ್ಲೇ ನಿಂತನೋ, ತಿರುಗುವುದನ್ನು ಅರ್ಧಕ್ಕೆ ಬಿಟ್ಟು ಹಿಂದಕ್ಕೆ ವಾಲಿ ಜಿಗಿದು ಎಸೆಯಬೇಕು. ಇದು ಫೇಡ್‌ಅವೇ. ಹಿಂದಕ್ಕೆ ಹೋಗುತ್ತಿರುವವನ ಕೈಯಿಂದ ಹೊರಟ ಚೆಂಡನ್ನು ಮುಟ್ಟಲು ಡಿಫೆಂಡರ್ ಮುಂದಕ್ಕೂ ಮೇಲಕ್ಕೂ ಒಟ್ಟಿಗೇ ಹೋಗಬೇಕು. ಇದರಲ್ಲಿ ಓಟವಿಲ್ಲ. ಸ್ಪರ್ಸ್‌ನವರು ಅಂತರ ಬಿಟ್ಟು ಕಿತ್ತುಕೊಂಡಿದ್ದ ಸಂಪರ್ಕವನ್ನು ಲೆಬ್ರಾನ್ ತಾನೇ ಹೋಗಿ, ಬೆನ್ನು ತಾಗಿಸಿ, ವಾಪಸು ಪಡೆದ.

ಇದರ ನಿಜವಾದ ಫಲ ಸಿಕ್ಕಿದ್ದು ಅಂಕದಲ್ಲಿ ಅಲ್ಲ, ಪಾಸ್‌ನಲ್ಲಿ. ಗೆರೆಯಾಚೆ ಇಪ್ಪತ್ತೈದು ಅಡಿ ದೂರದಲ್ಲಿ ನಿಂತು ಚೆಂಡು ಕುಟ್ಟುವವನತ್ತ ಉಳಿದ ನಾಲ್ವರು ಡಿಫೆಂಡರ್‌ಗಳು ಧಾವಿಸಬೇಕಾಗಿಲ್ಲ. ರಿಂಗಿನಿಂದ ಎಂಟಡಿಯಲ್ಲಿ ಬೆನ್ನು ಕೊಟ್ಟು ನಿಂತವನತ್ತ ಎರಡನೆಯವನೊಬ್ಬ ಬರಲೇಬೇಕು. ಅವನು ಬಂದ ಕ್ಷಣ ಎಲ್ಲೋ ಒಬ್ಬ ಖಾಲಿಯಾದ ಎಂದೇ ಲೆಕ್ಕ. ಆ ಖಾಲಿಯಾದವನನ್ನು ಹುಡುಕುವುದು ಲೆಬ್ರಾನ್‌ಗೆ ಹುಟ್ಟಾ ಬಂದ ವಿದ್ಯೆ. ಒಲಾಜುವನ್ ಅವರ ಪಾದಚಲನೆಯನ್ನು ಆತ ತನ್ನ ಹಳೆಯ ಕಣ್ಣಿಗೆ ಊರುಗೋಲಾಗಿ ಬಳಸಿಕೊಂಡ.

ಕೋಚ್ ಎರಿಕ್ ಸ್ಪೋಲ್‌ಸ್ಟ್ರಾ ಅವರಿಗೂ ಇದರ ಪಾಲು ಸಲ್ಲಬೇಕು. ಎತ್ತರದ ಕ್ರಿಸ್ ಬಾಷ್‌ನನ್ನು ರಿಂಗಿನ ಬುಡದಿಂದ ಹೊರಗೆ ಕರೆಸಿ, ಗೆರೆಯ ಸುತ್ತ ದೂರದಿಂದ ಎಸೆಯುವವರನ್ನು ನಿಲ್ಲಿಸಿ, ನಡುಮನೆಯನ್ನು ಲೆಬ್ರಾನ್ ಮತ್ತು ಡ್ವೇನ್ ವೇಡ್‌ಗೆ ಖಾಲಿ ಮಾಡಿಕೊಟ್ಟರು. 2012ರ ಪ್ಲೇಆಫ್‌ನಲ್ಲಿ ಬಾಷ್ ಗಾಯಗೊಂಡು ಕೂತಾಗ ಅನಿವಾರ್ಯವಾಗಿ ಶುರುವಾದ ಏರ್ಪಾಡು ಕೊನೆಗೆ ತಂಡದ ಗುರುತೇ ಆಯಿತು. ಒಬ್ಬ ಆಟಗಾರ ಮಾಗಿದ ಎನ್ನುವಾಗ ಅವನ ಸುತ್ತ ಯಾರು ಯಾರು ಎಷ್ಟೆಷ್ಟು ಸರಿದುಕೊಂಡರು ಎಂಬುದನ್ನು ಅಭಿಮಾನಿಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ವೇಡ್ ಆಗಲೇ ಫೈನಲ್‌ನ ಶ್ರೇಷ್ಠ ಆಟಗಾರ ಎನಿಸಿಕೊಂಡವನು, ಮಯಾಮಿ ಅವನದೇ ಊರಿನಂತಿತ್ತು. ಅವನು ದಾರಿ ಬಿಟ್ಟ.

ಅಂಕಿ ಅಂಶಗಳಲ್ಲಿ ಈ ಬದಲಾವಣೆ ಸದ್ದಿಲ್ಲದೆ ಕಾಣುತ್ತದೆ. 2009–10ರಲ್ಲಿ ಪಂದ್ಯಕ್ಕೆ ಐದು ಸಲ ಮೂರಂಕದ ಎಸೆತಕ್ಕೆ ಕೈ ಹಾಕುತ್ತಿದ್ದವನು 2011–12ರಲ್ಲಿ ಅದನ್ನು ಎರಡೂವರೆಗೆ ಇಳಿಸಿದ. ಒಟ್ಟಾರೆ ಎಸೆತಗಳಲ್ಲಿ ಬಿದ್ದದ್ದು ಶೇ 53ಕ್ಕೆ ಏರಿತು. ಬಿಟ್ಟು ಬೆಳೆದದ್ದು ಇದು. ಪೂರ್ವ ವಲಯದ ಫೈನಲ್‌ನಲ್ಲಿ ಬೋಸ್ಟನ್ ಸೆಲ್ಟಿಕ್ಸ್ ಎದುರು 3–2ರಲ್ಲಿ ಹಿಂದಿದ್ದು, ಅವರದೇ ಅಂಕಣದಲ್ಲಿ ಆರನೇ ಪಂದ್ಯ ಆಡಬೇಕಾಗಿ ಬಂದ ರಾತ್ರಿ ಆತ 26 ಎಸೆತಗಳಲ್ಲಿ 19 ಹಾಕಿ 45 ಅಂಕ, 15 ರಿಬೌಂಡ್, ಅಂದರೆ ಬುಟ್ಟಿ ತಪ್ಪಿ ಚಿಮ್ಮಿದ ಚೆಂಡುಗಳನ್ನು, ಗಳಿಸಿದ. ಆ ರಾತ್ರಿಯ ಮುಖವನ್ನು ಕಂಡವರು ಮರೆತಿರಲಾರರು: ನಗುವಿಲ್ಲ, ಕೂಗಿಲ್ಲ, ಎದೆ ಬಡಿದುಕೊಳ್ಳುವುದಂತೂ ಇಲ್ಲವೇ ಇಲ್ಲ. ಫೈನಲ್‌ನಲ್ಲಿ ಒಕ್ಲಹೋಮ ಸಿಟಿ ಥಂಡರ್ ವಿರುದ್ಧದ ಐದನೇ ಪಂದ್ಯದಲ್ಲಿ ಅವನ ಅಸಿಸ್ಟ್ 13. ಅದೇ ಪಂದ್ಯದಲ್ಲಿ ಮೈಕ್ ಮಿಲ್ಲರ್ ಎಂಬ, ಬೆನ್ನುನೋವಿನಿಂದ ಕುಂಟುತ್ತಿದ್ದ ಆಟಗಾರ ಏಳು ಮೂರಂಕ ಹಾಕಿದ. ಈ 13 ಮತ್ತು ಆ ಏಳು ಒಂದಕ್ಕೊಂದು ಸಂಬಂಧವಿಲ್ಲದ ಸಂಖ್ಯೆಗಳಲ್ಲ. ರಿಂಗಿನ ಬಳಿ ಲೆಬ್ರಾನ್‌ನ ಸುತ್ತ ಮುತ್ತಿಕೊಂಡವರು ಗೆರೆಯಲ್ಲಿ ಬಿಟ್ಟುಬಂದವರ ಪೈಕಿ ಮಿಲ್ಲರ್ ಒಬ್ಬ. ಮೊದಲ ಕಪ್ ಬಂತು.

ಎರಡನೇ ಉತ್ತರಕ್ಕೆ ಇನ್ನೊಂದು ವರ್ಷ ಬೇಕಾಯಿತು. 2013ರ ಫೈನಲ್‌ನಲ್ಲಿ ಎದುರಿಗೆ ಬಂದವರು ಮತ್ತೆ ಸ್ಪರ್ಸ್, ಮತ್ತೆ ಪೊಪೊವಿಚ್. ಡಂಕನ್‌ಗೆ ಮೂವತ್ತೇಳು. ಬೋವೆನ್ ನಿವೃತ್ತನಾಗಿದ್ದ, ಅವನ ಜಾಗದಲ್ಲಿ ಇಪ್ಪತ್ತೊಂದರ ಕವೈ ಲೆನಾರ್ಡ್, ಜೊತೆಗೆ ದಪ್ಪ ಮೈಯ, ಚುರುಕು ತಲೆಯ ಬೋರಿಸ್ ಡಿಯಾವ್. ಉಪಾಯ ಬಹುಮಟ್ಟಿಗೆ ಆರು ವರ್ಷದ ಹಿಂದಿನದೇ: ಹಿಂದೆ ಸರಿದು ನಿಲ್ಲು, ಸ್ಕ್ರೀನಿನ ಹಿಂಬದಿಯಿಂದ ಸುತ್ತು, ಎಸೆಯುವುದಾದರೆ ಎಸೆಯಲಿ ಬಿಡು. ಆ ಸೀಸನ್ನಿನಲ್ಲಿ ಲೆಬ್ರಾನ್‌ನ ಮೂರಂಕದ ಎಸೆತ ಶೇ 40.6 ಬಿದ್ದಿದ್ದವು, ಒಟ್ಟಾರೆ ಶೇ 56.5. ಪೊಪೊವಿಚ್ ಅವರಿಗೆ ಈ ಅಂಕಿಗಳು ಗೊತ್ತಿರಲಿಲ್ಲವೇ? ಗೊತ್ತಿದ್ದೇ ಇತ್ತು. ಪಣ ಕಟ್ಟಿದ್ದು ಎಸೆತದ ಮೇಲಲ್ಲ, ಎಸೆಯುವ ಮೊದಲಿನ ಅನುಮಾನದ ಮೇಲೆ.

ಮೂರು ಪಂದ್ಯದ ಮಟ್ಟಿಗೆ ಆ ಪಣ ಗೆದ್ದಿತು ಕೂಡ. ಲೆಬ್ರಾನ್ ಗಳಿಸಿದ್ದು 18, 17, 15. ಮೂರನೇ ಪಂದ್ಯದಲ್ಲಿ 21 ಎಸೆತಕ್ಕೆ ಏಳು. ಆಗ ಭಾರತದಲ್ಲಿ ಫೈನಲ್ ಪಂದ್ಯಗಳು ಹೆಚ್ಚಾಗಿ ಶುರುವಾಗುತ್ತಿದ್ದದ್ದು ಬೆಳಗಿನ ಆರೂವರೆಗೆ. ಕಾಫಿ ಹಿಡಿದು ಟಿವಿ ಮುಂದೆ ಕೂತ ಬೆಂಗಳೂರಿನ ಅಭಿಮಾನಿಗೂ ಆತ ತಡವರಿಸುತ್ತಿರುವುದು ಕಾಣುತ್ತಿತ್ತು. ಚೆಂಡು ಕೈಗೆ ಬರುತ್ತದೆ, ಎದುರಿಗೆ ಆರಡಿ ಖಾಲಿ, ಒಮ್ಮೆ ರಿಂಗಿನತ್ತ ನೋಡುತ್ತಾನೆ, ಎಸೆಯುವುದಿಲ್ಲ, ಒಂದೆರಡು ಸಲ ಕುಟ್ಟುತ್ತಾನೆ, ಅಷ್ಟರಲ್ಲಿ ಬಯಲು ಮುಚ್ಚಿರುತ್ತದೆ. ಕೈ ಕಲಿತದ್ದನ್ನು ತಲೆ ಇನ್ನೂ ನಂಬಿರಲಿಲ್ಲ.

ಆಮೇಲೆ ಅವನೇ ಹೇಳಿಕೊಂಡ ಪ್ರಕಾರ, ಸರಣಿಯ ನಡುವೆ ಕೂತು ವಿಡಿಯೊ ನೋಡಿದಾಗ ಇವರು ಕೊನೆಯವರೆಗೂ ಹೀಗೇ ಕಾಯುತ್ತಾರೆ ಎಂಬುದು ಖಾತ್ರಿಯಾಯಿತಂತೆ. ವರ್ಷವಿಡೀ ಚೆನ್ನಾಗಿಯೇ ಎಸೆದಿದ್ದೇನೆ, ಈಗ ಅದನ್ನು ಕೈಬಿಡುವುದೇಕೆ ಎಂದು ತನಗೆ ತಾನೇ ಹೇಳಿಕೊಂಡನಂತೆ. ಆರನೇ ಪಂದ್ಯದಲ್ಲಿ ರೇ ಅಲೆನ್ 5.2 ಸೆಕೆಂಡ್ ಉಳಿದಿರುವಾಗ ಮೂಲೆಯಿಂದ ಹಾಕಿದ ಮೂರಂಕ ಮಯಾಮಿಯನ್ನು ಉಳಿಸಿತು. ಅದು ಪ್ರಸಿದ್ಧವಾದದ್ದರಿಂದ ಮತ್ತೆ ಬಣ್ಣಿಸುವುದಿಲ್ಲ.

ಏಳನೇ ಪಂದ್ಯ, ಜೂನ್ 20. ಲೆಬ್ರಾನ್ ಅಂದು ಎಸೆದ ಹತ್ತು ಮೂರಂಕಗಳಲ್ಲಿ ಐದು ಬಿದ್ದವು. ಸ್ಪರ್ಸ್‌ನವರು ಆಗಲೂ ಹಿಂದೆಯೇ ನಿಂತಿದ್ದರು. ಕೊನೆಯ ನಿಮಿಷಕ್ಕೆ ಬಂದಾಗ 90–88, ಮಯಾಮಿ ಎರಡಂಕ ಮುಂದೆ. ರಿಂಗಿನ ಪಕ್ಕದಲ್ಲೇ ಡಂಕನ್‌ಗೆ ಸುಲಭದ ಎಸೆತ ಸಿಕ್ಕಿತು, ಜಾರಿತು. ಮುಟ್ಟಿ ಒಳಗೆ ತಳ್ಳಲು ಮತ್ತೊಂದು ಅವಕಾಶ, ಅದೂ ಆಚೆ ಬಿತ್ತು. ವಾಪಸು ಓಡಿದ ಡಂಕನ್ ಬಗ್ಗಿ ಎರಡೂ ಅಂಗೈಯಿಂದ ನೆಲ ಬಡಿದ. ಅಷ್ಟು ವರ್ಷದಲ್ಲಿ ಭಾವನೆ ತೋರಿಸಿಕೊಳ್ಳದಿದ್ದವನು. ಇತ್ತ ಚೆಂಡು ಲೆಬ್ರಾನ್ ಕೈಯಲ್ಲಿ. ಸುಮಾರು ಹತ್ತೊಂಬತ್ತು ಅಡಿ ದೂರ, ಅದೇ ಬಯಲು. ಕುಟ್ಟಿದ, ನಿಂತ, ನೇರ ಮೇಲಕ್ಕೆ ಜಿಗಿದು ಎಸೆದ. 92–88, ಉಳಿದದ್ದು 27.9 ಸೆಕೆಂಡ್. ಮರುಕ್ಷಣ ಮನು ಜಿನೋಬಿಲಿಯ ಪಾಸನ್ನು ತಾನೇ ಕಸಿದು, ಫೌಲ್ ಪಡೆದು, ಎರಡು ಫ್ರೀ ಥ್ರೋ ಹಾಕಿದ. ಒಟ್ಟು 37 ಅಂಕ. ನೂರಕ್ಕೆ ನಲವತ್ತು ಬಿದ್ದರೂ ಸರಿ ಎಂದು ಸ್ಪರ್ಸ್ ಲೆಕ್ಕ ಹಾಕಿ ಬಿಟ್ಟುಕೊಟ್ಟಿದ್ದ ಜಾಗದಿಂದಲೇ ಕಪ್ ಕೈತಪ್ಪಿತು. ಪೊಪೊವಿಚ್ ಅವರ ಉಪಾಯ ತಪ್ಪಾಗಿತ್ತು ಎಂದು ನನಗೆ ಅನ್ನಿಸುವುದಿಲ್ಲ. 2007ರಲ್ಲಿ ಅದು ಸರಿ, 2013ರ ಮೊದಲ ಮೂರು ಪಂದ್ಯಗಳಲ್ಲೂ ಸರಿ. ಆಮೇಲೆ ಆಟಗಾರ ಬದಲಾಗಿದ್ದ.

ಆದರೆ ಮಾಗಿದರೆ ಕಪ್ ಬಂದೇ ಬರುತ್ತದೆ ಎಂಬ ಖಾತ್ರಿಯೇನೂ ಇಲ್ಲ. ಮರುವರ್ಷ ಅದೇ ಸ್ಪರ್ಸ್ ವಿರುದ್ಧ ಲೆಬ್ರಾನ್ ಸರಾಸರಿ 28.2 ಅಂಕ ಹೊಡೆದ, ಶೇ 57 ಎಸೆತ ಹಾಕಿದ, 4–1ರಲ್ಲಿ ಸೋತ. ಸ್ಪರ್ಸ್‌ನ ಐವರೂ ಚೆಂಡನ್ನು ಕೈಯಲ್ಲಿ ಇಟ್ಟುಕೊಳ್ಳದೆ ಆಡಿದ ಆ ಸರಣಿಯ ಸೊಬಗೇ ಬೇರೆ. 2014ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಮರಳಿ, 2016ರಲ್ಲಿ, ಆ ಸೀಸನ್ನಿನಲ್ಲಿ 73 ಪಂದ್ಯ ಗೆದ್ದಿದ್ದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರು 3–1ರ ಹಿನ್ನಡೆಯಿಂದ ಕಪ್ ಎತ್ತಿದ. ಅವನ ಜೀವನದ ದೊಡ್ಡ ಗೆಲುವು ಅದೇ ಇರಬಹುದು, ಆದರೆ ಆಟದ ಬೆಳವಣಿಗೆಯ ದೃಷ್ಟಿಯಿಂದ ಅಲ್ಲಿ ಹೊಸದು ಕಡಿಮೆ. ಇದ್ದ ಬತ್ತಳಿಕೆಯೆಲ್ಲ ಒಮ್ಮೆಗೇ ಬಿಚ್ಚಿಕೊಂಡಿತು ಅಷ್ಟೆ.

ಮೂವತ್ತು ದಾಟಿದ ಮೇಲೆ ಬೆಳೆದದ್ದು ತಲೆ. 2018ರ ಮೇ ತಿಂಗಳಲ್ಲಿ ಬೋಸ್ಟನ್‌ನಲ್ಲಿ 25 ಅಂಕಗಳ ಅಂತರದಿಂದ ಸೋತ ರಾತ್ರಿ, ನಾಲ್ಕನೇ ಕ್ವಾರ್ಟರ್‌ನ ಆರಂಭದಲ್ಲಿ ಎದುರಾಳಿ ಸತತ ಏಳು ಅಂಕ ಗಳಿಸಿದಾಗ ಏನಾಯಿತು ಎಂದು ಪತ್ರಕರ್ತರೊಬ್ಬರು ಕೇಳಿದರು. ಸುಮ್ಮನೆ ಕೇಳಿದ ಪ್ರಶ್ನೆ. ಲೆಬ್ರಾನ್ ಒಂದೊಂದೇ ಸರದಿಯನ್ನು, ಯಾರು ಯಾರಿಗೆ ಕೊಟ್ಟರು, ಯಾರು ಎಲ್ಲಿಂದ ಎಸೆದರು, ಚೆಂಡು ಯಾರಿಂದ ಹೊರಹೋಯಿತು ಎಂದು ಸಾಲಾಗಿ ಒಪ್ಪಿಸಿದ. ಕೇಳಿದವರು ನಗಬೇಕಾಯಿತು. ಈ ನೆನಪು ಬರೀ ಚಮತ್ಕಾರವಲ್ಲ. ಎದುರಾಳಿ ಯಾವ ಆಟ ಶುರು ಮಾಡುತ್ತಿದ್ದಾನೆ ಎಂಬುದು ಮೊದಲ ಎರಡು ಹೆಜ್ಜೆಯಲ್ಲೇ ಗೊತ್ತಾದವನು ಓಡಬೇಕಾದ ದೂರವೇ ಕಡಿಮೆಯಾಗುತ್ತದೆ. ಕಾಲು ನಿಧಾನವಾಗುತ್ತಾ ಬಂದಂತೆ ಹೊರಡುವ ಗಳಿಗೆಯನ್ನು ಆತ ಮುಂದಕ್ಕೆ ತಂದುಕೊಂಡ. 2019–20ರಲ್ಲಿ, ಮೂವತ್ತೈದರಲ್ಲಿ, ಲಾಸ್ ಏಂಜಲಿಸ್ ಲೇಕರ್ಸ್ ಪರ ಪಂದ್ಯಕ್ಕೆ 10.2ರಂತೆ ಇಡೀ ಲೀಗಿನಲ್ಲಿ ಅತಿ ಹೆಚ್ಚು ಅಸಿಸ್ಟ್ ಕೊಟ್ಟವನು ಅವನೇ. ಜೀವನದಲ್ಲಿ ಮೊದಲ ಸಲ.

ಬದಲಾಗದೆ ಉಳಿದದ್ದೂ ಒಂದಿದೆ. 2007ರಲ್ಲಿ ಡೆಟ್ರಾಯಿಟ್ ಎದುರಿನ ಸರಣಿಯ ಮೊದಲ ಪಂದ್ಯದಲ್ಲಿ, ಎರಡಂಕ ಹಿಂದಿದ್ದಾಗ, ಕೊನೆಯ ಸೆಕೆಂಡುಗಳಲ್ಲಿ ರಿಂಗಿನತ್ತ ನುಗ್ಗಿದ ಲೆಬ್ರಾನ್ ತಾನು ಎಸೆಯದೆ ಮೂಲೆಯಲ್ಲಿ ಖಾಲಿ ನಿಂತಿದ್ದ ಡೊನಿಯಲ್ ಮಾರ್ಷಲ್‌ಗೆ ಕೊಟ್ಟ. ಮಾರ್ಷಲ್ ತಪ್ಪಿದ, ತಂಡ ಸೋತಿತು. ದೊಡ್ಡ ಆಟಗಾರನಿಗೆ ಇರಬೇಕಾದ ಕಿಚ್ಚು ಇವನಲ್ಲಿಲ್ಲ ಎಂದು ಅಂಕಣಕಾರರು ಬರೆದೇ ಬರೆದರು. 2020ರ ಫೈನಲ್‌ನ ಐದನೇ ಪಂದ್ಯ: 40 ಅಂಕ ಹೊಡೆದಿದ್ದ ಲೆಬ್ರಾನ್ ಕೊನೆಯಲ್ಲಿ ನುಗ್ಗಿದ, ಈಗ ಎದುರಾಳಿಯಾಗಿದ್ದ ಮಯಾಮಿಯವರು ಅವನ ಸುತ್ತ ಮುಗಿಬಿದ್ದರು, ಆತ ಹೊರಗೆ ಒಬ್ಬಂಟಿಯಾಗಿದ್ದ ಡ್ಯಾನಿ ಗ್ರೀನ್‌ಗೆ ಕೊಟ್ಟ. ಗ್ರೀನ್ ತಪ್ಪಿದ, ತಂಡ ಸೋತಿತು. ಹದಿಮೂರು ವರ್ಷದಲ್ಲಿ ಅಷ್ಟೆಲ್ಲ ಕಲಿತವನು ಅದೇ ಪಾಸನ್ನು ಮತ್ತೆ ಕೊಟ್ಟ, ಏಕೆಂದರೆ ಅದು ಎರಡು ಸಲವೂ ಸರಿಯಾದ ಪಾಸ್. ಎಸೆತ ಬೀಳದಿದ್ದುದು ಬೇರೆ ಮಾತು. ಎರಡು ದಿನದ ಮೇಲೆ ಲೇಕರ್ಸ್ 106–93ರಲ್ಲಿ ಕಪ್ ಗೆದ್ದಿತು. ಬೆಳವಣಿಗೆ ಎಂದರೆ ಸ್ವಭಾವ ಬದಲಾಗಿ ಕೊಲೆಗಡುಕನಂತೆ ಆಡುವುದು ಎಂದು ನಂಬಿದವರಿಗೆ ಈ ಪಾಸ್ ಇವತ್ತಿಗೂ ಅರ್ಥವಾಗಿಲ್ಲ.

2023ರ ಫೆಬ್ರವರಿ 7ರಂದು ಕರೀಂ ಅಬ್ದುಲ್ ಜಬ್ಬಾರ್ ಅವರ 38,387 ಅಂಕಗಳ ಸಾರ್ವಕಾಲಿಕ ದಾಖಲೆ ಮುರಿದ ಎಸೆತ ಯಾವುದು? ಡಂಕ್ ಅಲ್ಲ. ಬಂದದ್ದು ಬೆನ್ನು ಕೊಟ್ಟು ನಿಂತು, ತಿರುಗಿ, ಹಿಂದಕ್ಕೆ ವಾಲಿ ಎಸೆದ ಫೇಡ್‌ಅವೇ. ಕರೀಂ ಅಂಕಣದ ಬದಿಯಲ್ಲೇ ಕೂತು ನೋಡಿದರು. ಮರುಸೀಸನ್ನಿನಲ್ಲಿ, ಮೂವತ್ತೊಂಬತ್ತರಲ್ಲಿ, ಮೂರಂಕದ ಎಸೆತ ಶೇ 41ಕ್ಕೆ ಮುಟ್ಟಿತು. ಅದುವರೆಗಿನ ಅವನ ಸೀಸನ್ನುಗಳಲ್ಲೇ ಅತಿ ಹೆಚ್ಚು. ಆ ಹೊತ್ತಿಗೆ ಅವನೆದುರು ಹಿಂದೆ ಸರಿದು ನಿಲ್ಲುವ ಡಿಫೆಂಡರ್‌ನನ್ನು ಕೋಚ್ ಬದಿಯಿಂದಲೇ ಗದರುವಂತಾಗಿತ್ತು.

ಫ್ರೀ ಥ್ರೋ ಮಾತ್ರ ಹಾಗೇ ಉಳಿಯಿತು. ಹದಿನೈದು ಅಡಿ ದೂರ, ಎದುರಿಗೆ ಯಾರೂ ಇಲ್ಲ, ಬೇಕಾದಷ್ಟು ಹೊತ್ತು ಉಸಿರೆಳೆದುಕೊಂಡು ಎಸೆಯಬಹುದಾದ ಎಸೆತ. ಎರಡು ದಶಕ ಆಡಿದರೂ ಅವನ ಒಟ್ಟು ಸರಾಸರಿ ನೂರಕ್ಕೆ 74ರ ಆಸುಪಾಸಿನಲ್ಲೇ ಇದೆ. ಗೋಲ್ಡನ್ ಸ್ಟೇಟ್‌ನ ಸ್ಟೀಫನ್ ಕರಿಯದ್ದು ತೊಂಬತ್ತರ ಮೇಲೆ. ಬೆನ್ನು ಕೊಟ್ಟು ಆಡುವುದನ್ನು, ದೂರದಿಂದ ಎಸೆಯುವುದನ್ನು, ನಿಧಾನವಾಗಿ ಆಡುವುದನ್ನು ಎದುರಾಳಿಗಳು ಒತ್ತಾಯ ಮಾಡಿ ಕಲಿಸಿದರು. ಫ್ರೀ ಥ್ರೋ ಗೆರೆಯಲ್ಲಿ ಹಾಗೆ ಕಲಿಸುವವರು ಯಾರೂ ಇಲ್ಲದ್ದಕ್ಕೇ ಅದು ಸುಧಾರಿಸಲಿಲ್ಲವೇನೋ ಎಂಬುದು ನನ್ನ ಗುಮಾನಿ. 2013ರ ಆ ಏಳನೇ ಪಂದ್ಯದಲ್ಲಿ ಎಂಟಕ್ಕೆ ಎಂಟೂ ಹೇಗೆ ಬಿದ್ದವು ಎಂಬುದಕ್ಕೆ ಮಾತ್ರ ಈ ಗುಮಾನಿಯಲ್ಲಿ ಉತ್ತರವಿಲ್ಲ.